ಸಭೆ ನೋಡಲು ಬನ್ನಿ

ಪಗಡೆಯಾಟಕ್ಕೆ ಪಾಂಡವರನ್ನು ಕರೆಯುವ ಮೊದಲು ಧೃತರಾಷ್ಟ್ರ ಒಂದು ಸಭೆ ಕಟ್ಟಿಸಿದ. ಇಂದ್ರಪ್ರಸ್ಥದಲ್ಲಿ ಮಯ ಕಟ್ಟಿದ ಸಭೆ, ಅಲ್ಲಿ ನೆಲವೆಂದು ನಂಬಿ ನೀರಿಗೆ ಬಿದ್ದ ದುರ್ಯೋಧನ, ಇವೆಲ್ಲ ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೂ ಗೊತ್ತು. ಹಸ್ತಿನಾವತಿಯಲ್ಲಿ ಎದ್ದ ಈ ಎರಡನೆಯ ಸಭೆಯನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಸಾವಿರ ಕಂಬ, ನೂರು ಬಾಗಿಲು, ಹೊನ್ನು, ವೈಡೂರ್ಯ, ಸ್ಫಟಿಕ ಎಂದು ವ್ಯಾಸಭಾರತ ಅದನ್ನು ಬಣ್ಣಿಸುತ್ತದೆ. ಅದು ಸಿದ್ಧವಾದ ಮೇಲೆಯೇ ವಿದುರನನ್ನು ಇಂದ್ರಪ್ರಸ್ಥಕ್ಕೆ ಕಳಿಸಿದ್ದು. ವಿದುರ ಹೊತ್ತೊಯ್ದ ಮಾತಿನಲ್ಲಿ ಜೂಜು ಮೊದಲು ಬರುವುದಿಲ್ಲ. ತಮ್ಮಂದಿರೊಡನೆ ಬಂದು ಈ ಸಭೆಯನ್ನು ನೋಡಬೇಕು ಎಂಬುದು ಮೊದಲು. ಸ್ನೇಹಕ್ಕೆ ಒಂದಿಷ್ಟು ಆಡೋಣ ಎಂಬುದು ಆಮೇಲೆ.

ಅಮೆರಿಕದ ನೆವಾಡಾದಲ್ಲಿ, ಲಾಸ್ ವೇಗಾಸ್‌ನ 'ಸ್ಟ್ರಿಪ್' ಎಂಬ ಹೆದ್ದಾರಿಯ ಬದಿಯಲ್ಲಿ ನಡೆಯುವಾಗ ನನ್ನ ತಲೆಯಲ್ಲಿ ಸುಳಿದಾಡುತ್ತಿದ್ದುದು ಈ ಕರೆಯೇ. ಅಲ್ಲಿ ಮೂವತ್ತು ಮಹಡಿಯ ಕಪ್ಪು ಗಾಜಿನ ಪಿರಮಿಡ್ ಇದೆ. ಪ್ಯಾರಿಸ್ಸಿನದರ ಅರ್ಧದಷ್ಟು ಎತ್ತರದ ಐಫೆಲ್ ಗೋಪುರ ಇದೆ. ಛಾವಣಿಯ ಅಡಿಯಲ್ಲೇ ಹರಿಯುವ ವೆನಿಸ್ಸಿನ ಕಾಲುವೆ, ಅದರಲ್ಲಿ ಹಾಡುತ್ತ ಹುಟ್ಟು ಹಾಕುವ ಅಂಬಿಗರು, ರೋಮಿನ ಕಂಬಸಾಲುಗಳು, ಇಟಲಿಯ ಕೋಮೊ ಸರೋವರವನ್ನು ನೆನಪಿಸಲು ತೋಡಿದ ಕೆರೆ. ಒಂದೊಂದರ ಗರ್ಭದಲ್ಲೂ ಜೂಜು. ನೆವಾಡಾ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟದ್ದು 1931ರಲ್ಲಿ. 1966ರಲ್ಲಿ ಸೀಸರ್ಸ್ ಪ್ಯಾಲೆಸ್ ಬಾಗಿಲು ತೆರೆದ ಮೇಲೆ, ಬೋರ್ಡು, ದೀಪ, ಗಿಡ, ಕಾರಂಜಿ, ಕೆಲಸದವರ ಉಡುಗೆ ಎಲ್ಲವೂ ಸೇರಿ ಒಂದೇ ಕಥೆ ಹೇಳುವಂತೆ ಕಟ್ಟುವ ರೂಢಿ ಬಲವಾಯಿತು.

ಇದೆಲ್ಲ ಬರಿಯ ಗಾಳವೆಂದು ತಳ್ಳಿಹಾಕುವವರು ಬಹಳ. ಗಾಳವೆಂಬುದು ನಿಜ. ಹಾಗಿದ್ದರೂ ಆ ಬೀದಿಯಲ್ಲಿ ನಿಂತಾಗ ನನ್ನೊಳಗೆ ಎದ್ದ ಬೆರಗು ಸುಳ್ಳಾಗಿರಲಿಲ್ಲ. ಯಾವುದೋ ಉದ್ದೇಶಕ್ಕೆ ಹುಟ್ಟಿಸಿದ ಬೆರಗು ಆ ಉದ್ದೇಶಕ್ಕೇ ಸೇರಿಹೋಗುತ್ತದೆಯೇ, ಅಥವಾ ಅದರಿಂದ ಬಿಡಿಸಿಕೊಂಡು ತನ್ನಷ್ಟಕ್ಕೆ ನಿಲ್ಲಬಲ್ಲದೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಭರತನ ನಾಟ್ಯಶಾಸ್ತ್ರದಲ್ಲಿ ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿ. ಅದು ಯಾವುದರಿಂದ ಹುಟ್ಟುತ್ತದೆ ಎಂದು ಹೇಳುವಾಗ ಭರತ ದಿವ್ಯರ ದರ್ಶನ, ಬಯಸಿದ್ದು ಕೈಗೂಡುವುದು, ಉಪವನಕ್ಕೂ ದೇವಾಲಯಕ್ಕೂ ಹೋಗುವುದು, ಸಭೆ, ವಿಮಾನ, ಮಾಯೆ, ಇಂದ್ರಜಾಲ ಇವನ್ನೆಲ್ಲ ಒಟ್ಟಿಗೇ ಇಡುತ್ತಾನೆ. ದೇವಾಲಯದ ಪಕ್ಕದಲ್ಲೇ ಇಂದ್ರಜಾಲವೂ ಇದೆ. ಒಂದು ಮೇಲು, ಇನ್ನೊಂದು ಕೀಳು ಎಂಬ ಮಾತಿಲ್ಲ. ಆ ಪಟ್ಟಿಯಲ್ಲಿರುವ ಎಷ್ಟೋ ಸಂಗತಿಗಳು ಆರೇಳು ಕಿಲೋಮೀಟರಿನ ಆ ಬೀದಿಯಲ್ಲಿ ಒಂದರ ಬೆನ್ನಿಗೊಂದು ಎದುರಾಗುತ್ತವೆ. ಬೆರಗುಗೊಂಡವನ ಲಕ್ಷಣಗಳನ್ನೂ ಭರತ ಹೇಳುತ್ತಾನೆ: ಕಣ್ಣರಳುವುದು, ಎವೆಯಿಕ್ಕದೆ ನೋಡುವುದು, ಮೈನವಿರೇಳುವುದು, ಸ್ತಂಭ. ಸ್ತಂಭವೆಂದರೆ ಕಂಬದ ಹಾಗೆ ನಿಂತುಬಿಡುವುದು. ಈ ನಿಲ್ಲುವಿಕೆಯ ಹತ್ತಿರಕ್ಕೆ ಮತ್ತೆ ಬರುತ್ತೇನೆ.

ಈ ಊರಿನಲ್ಲಿ ಕಟ್ಟಡಕ್ಕಿಂತ ಮೊದಲು ಬೋರ್ಡು ಕಾಣುತ್ತದೆ. ಮರುಭೂಮಿಯ ರಸ್ತೆಯಲ್ಲಿ ಕಾರಿನಲ್ಲಿ ಬರುವವನಿಗೆ ಬಾಗಿಲು, ಕಿಟಕಿ, ಗೋಡೆಯ ಕುಸುರಿ ನೋಡಲು ಹೊತ್ತಿರುವುದಿಲ್ಲ. ಕತ್ತಲಲ್ಲಿ ದೂರದಿಂದಲೇ ಹೆಸರು ಓದಿಸಿಕೊಳ್ಳಬೇಕು. 1968ರಲ್ಲಿ ರಾಬರ್ಟ್ ವೆಂಚೂರಿ, ಡೆನಿಸ್ ಸ್ಕಾಟ್ ಬ್ರೌನ್, ಸ್ಟೀವನ್ ಐಜೆನೂರ್ ಎಂಬ ಮೂವರು ಯೇಲ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ಎಲ್ಲರೂ ಹಳಿಯುತ್ತಿದ್ದ ಈ ಬೀದಿಯನ್ನು ಅಳೆದರು, ಚಿತ್ರ ತೆಗೆದರು, ನಕ್ಷೆ ಬರೆದರು. 1972ರಲ್ಲಿ ಬಂದ ಅವರ ಪುಸ್ತಕ ವಾಸ್ತುಶಿಲ್ಪದ ಪಾಠಶಾಲೆಗಳಲ್ಲಿ ಇಂದಿಗೂ ಓದಿಗಿದೆ. ಅವರು ಕಂಡದ್ದು ಇಷ್ಟು: ಕಾರು ನಿಲ್ಲಿಸುವ ಬಯಲಿನಾಚೆ ಇರುವ ಕಟ್ಟಡ ಸಾಧಾರಣ ಕೊಟ್ಟಿಗೆ, ರಸ್ತೆಯಂಚಿಗೆ ನಿಂತ ಬೋರ್ಡೇ ನಿಜವಾದ ವಾಸ್ತು. ಓದಿ ದೊಡ್ಡವರಾದವರು ಕೀಳೆಂದು ಮುಖ ತಿರುಗಿಸಿದ್ದನ್ನು ಹೀಗೆ ತಾಳ್ಮೆಯಿಂದ ನೋಡಿದ್ದಕ್ಕೆ ನನಗೆ ಆ ಮೂವರ ಮೇಲೆ ಬಹಳ ಗೌರವ.

ಊರಿನ ದಕ್ಷಿಣದಂಚಿನಲ್ಲಿ ಲಾಸ್ ವೇಗಾಸ್‌ಗೆ ಸ್ವಾಗತ ಕೋರುವ ಬೋರ್ಡನ್ನು ಸಿನಿಮಾಗಳಲ್ಲಿ ಕಾಣದವರು ವಿರಳ. ಅದನ್ನು ಬರೆದವರು ಬೆಟ್ಟಿ ವಿಲ್ಲಿಸ್, 1959ರಲ್ಲಿ. ಇಪ್ಪತ್ತೈದು ಅಡಿ ಎತ್ತರ, ಅಷ್ಟೇ. ಆಮೇಲೆ ಬಂದ ದೈತ್ಯಗಳ ಮುಂದೆ ಅದು ಕುಳ್ಳು. ನೆವಾಡಾ ಬೆಳ್ಳಿಯ ಗಣಿಗಳ ರಾಜ್ಯವಾದ್ದರಿಂದ ಸ್ವಾಗತವೆಂಬ ಪದದ ಒಂದೊಂದು ಅಕ್ಷರವನ್ನೂ ಅವರು ಬೆಳ್ಳಿ ನಾಣ್ಯವನ್ನು ನೆನಪಿಸುವ ಬಿಳಿ ವೃತ್ತದೊಳಗಿಟ್ಟರು. ಆ ವಿನ್ಯಾಸದ ಹಕ್ಕನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳದೆ ಊರಿಗೇ ಬಿಟ್ಟುಕೊಟ್ಟರು. ಪ್ರತಿಯೊಂದಕ್ಕೂ ಬೆಲೆ ಕಟ್ಟುವ ಊರಿನ ಗುರುತೇ ಉಚಿತವಾಗಿ ಬಂದ ಕಾಣಿಕೆಯೆಂಬುದು ಎಷ್ಟು ದೊಡ್ಡ ಮಾತು!

ಅವರದೇ ಕೈಯ ಇನ್ನೊಂದು ಬೋರ್ಡು 'ಮೂಲಾಂ ರೂಜ್' ಹೋಟೆಲಿನದು. 1955ರಲ್ಲಿ ತೆರೆದ ಅದು ಕರಿಯರೂ ಬಿಳಿಯರೂ ಒಟ್ಟಿಗೆ ಬಂದು ಕೂರಬಹುದಾದ ಆ ಊರಿನ ಮೊದಲ ಕ್ಯಾಸಿನೊ ಹೋಟೆಲು. ಆ ಕಾಲದಲ್ಲಿ ಸ್ಟ್ರಿಪ್‌ನ ವೇದಿಕೆಗಳ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸಿದ ಕಪ್ಪು ಕಲಾವಿದರಿಗೆ ಅದೇ ಹೋಟೆಲುಗಳಲ್ಲಿ ಮಲಗಲು ಕೋಣೆ ಇರಲಿಲ್ಲ. ಆ ದೀಪಗಳ ಬೆಳಕು ಎಲ್ಲರ ಮೇಲೂ ಬೀಳುತ್ತಿತ್ತು, ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಆ ಬೀದಿಯ ಸೊಬಗನ್ನು ಹೊಗಳುವ ಯಾರೂ ಇದನ್ನು ಮರೆಯಬಾರದು. ಮೂಲಾಂ ರೂಜ್ ಅದೇ ವರ್ಷ, ಕೆಲವೇ ತಿಂಗಳಲ್ಲಿ ಮುಚ್ಚಿತು.

ಇನ್ನು ನಿಯಾನ್. ಈ ಬೆಳಕಿಗೂ ಬೆಂಗಳೂರಿಗೂ ಒಂದು ನಂಟಿದೆ. ಅದು ತಿಳಿದ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮೋರಿಸ್ ಟ್ರಾವರ್ಸ್ ಗಾಳಿಯಿಂದ ಪಡೆದ ಆರ್ಗಾನ್ ಅನಿಲವನ್ನು ತಣಿಸಿ ದ್ರವವಾಗಿಸಿದರು. ಅದು ಮೆಲ್ಲಗೆ ಆವಿಯಾಗುವಾಗ ಮೊದಲು ಹೊರಟ ಭಾಗವನ್ನು ಗಾಜಿನ ಕೊಳವೆಗೆ ತುಂಬಿ ವಿದ್ಯುತ್ ಹಾಯಿಸಿದರು. ಯಾವ ಮನುಷ್ಯನೂ ಅಲ್ಲಿಯವರೆಗೆ ಕಂಡಿರದ ಕೆಂಪು ಬೆಳಕು ಆ ಕೊಳವೆಯಲ್ಲಿ ಧಗ್ಗನೆ ಎದ್ದಿತು. ಯುಗಯುಗಗಳಿಂದ ನಾವೆಲ್ಲ ಉಸಿರಾಡುತ್ತ ಬಂದ ಗಾಳಿಯಲ್ಲೇ ನಿಯಾನ್ ಅಡಗಿತ್ತು, ಸಾವಿರ ಲೀಟರಿಗೆ 18 ಮಿಲಿಲೀಟರಿನಂತೆ. ಕೆಲವೇ ವಾರಗಳಲ್ಲಿ ಅದೇ ಇಬ್ಬರು ಝೆನಾನ್ ಅನಿಲವನ್ನೂ ಕಂಡುಹಿಡಿದರು.

ಅದೇ ರಾಮ್ಸೆ ಎರಡು ವರ್ಷದ ತರುವಾಯ ಜಮ್‌ಶೆಟ್‌ಜಿ ಟಾಟಾ ಅವರ ಕೋರಿಕೆಯ ಮೇರೆಗೆ ಭಾರತಕ್ಕೆ ಬಂದು, ದೇಶ ಸುತ್ತಿ, ಟಾಟಾ ಕಟ್ಟಬಯಸಿದ್ದ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗವೆಂದು ಶಿಫಾರಸು ಮಾಡಿದರು. ಸಂಸ್ಥೆಯ ಮೊದಲ ನಿರ್ದೇಶಕರಾಗಿ 1906ರಲ್ಲಿ ಬಂದವರು ಟ್ರಾವರ್ಸ್. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿ ಆಗಿನ್ನೂ ಒಂದು ವರ್ಷವಷ್ಟೇ ಆಗಿತ್ತು. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಆ ಆವರಣದಲ್ಲಿ, ಮುಂದೆ ಜಗತ್ತಿನ ಬೀದಿಗಳಿಗೆಲ್ಲ ಬಣ್ಣ ಹಚ್ಚಲಿದ್ದ ಬೆಳಕನ್ನು ಮೊಟ್ಟಮೊದಲು ಕಂಡ ಕಣ್ಣುಗಳು ಓಡಾಡಿದ್ದವು. ಟ್ರಾವರ್ಸ್ ಅಲ್ಲಿದ್ದಾಗಲೇ, 1910ರಲ್ಲಿ, ಫ್ರಾನ್ಸಿನ ಜಾರ್ಜ್ ಕ್ಲೋಡ್ ಪ್ಯಾರಿಸ್ಸಿನ ಪ್ರದರ್ಶನವೊಂದರಲ್ಲಿ ಉದ್ದನೆಯ ನಿಯಾನ್ ಕೊಳವೆಗಳನ್ನು ಬೆಳಗಿಸಿದರು. ಅಲ್ಲಿಂದ ಈ ಬೆಳಕು ಪ್ರಯೋಗಶಾಲೆ ಬಿಟ್ಟು ಬೀದಿಗಿಳಿಯಿತು.

ನಿಯಾನ್ ಉರಿಯುವುದಿಲ್ಲ. ವಿದ್ಯುತ್ತಿನ ಕಣಗಳು ಬಂದು ಬಡಿದಾಗ ಅದರ ಪರಮಾಣು ಒಂದು ಕ್ಷಣ ಕೆರಳಿ, ಮತ್ತೆ ತಣಿಯುವಾಗ ಆ ಶಕ್ತಿಯನ್ನು ಕಿತ್ತಳೆಗೆಂಪು ಬೆಳಕಾಗಿ ಬಿಟ್ಟುಕೊಡುತ್ತದೆ. ಮತ್ತೆ ಏಟು, ಮತ್ತೆ ಬೆಳಕು. ಚೆನ್ನಾಗಿ ಮಾಡಿದ ಕೊಳವೆ ದಶಕಗಳ ಕಾಲ ಬೆಳಗುತ್ತದೆ. ನೀಲಿ ಬೇಕಾದರೆ ಆರ್ಗಾನಿಗೆ ತುಸು ಪಾದರಸ ಸೇರಿಸುತ್ತಾರೆ. ಉಳಿದ ಬಣ್ಣಗಳು ಗಾಜಿನ ಬಣ್ಣದಿಂದ, ಒಳಗೆ ಬಳಿದ ಪುಡಿಯಿಂದ ಬರುತ್ತವೆ. ಕೊಳವೆ ಬಾಗಿಸುವುದು ಮಾತ್ರ ಇಂದಿಗೂ ಕೈಕೆಲಸ. ಅಕ್ಷರದ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೇಜಿನ ಮೇಲೆ ಹರಡಿಕೊಂಡು, ಗಾಜನ್ನು ಬೆಂಕಿಯ ಮೇಲೆ ಹೊರಳಿಸುತ್ತ ಕಾಯಿಸುತ್ತಾರೆ. ಗಾಜು ಮೆದುವಾದ ಕೂಡಲೇ ನಕ್ಷೆಯ ಮೇಲೆ ತಂದು ಬಾಗಿಸಬೇಕು. ಬಾಗಿದೆಡೆ ಕೊಳವೆ ಚಪ್ಪಟೆಯಾಗದಂತೆ, ಅದರ ಒಂದು ತುದಿಗೆ ಸಿಕ್ಕಿಸಿದ ರಬ್ಬರು ನಳಿಕೆಯನ್ನು ಬಾಯಲ್ಲಿಟ್ಟುಕೊಂಡು ಹದವಾಗಿ ಊದಬೇಕು. ಕೈಗೆ ಸಿಗುವುದು ಕೆಲವೇ ಸೆಕೆಂಡು. ಆಮೇಲೆ ಭಾರಿ ವಿದ್ಯುತ್ ಹಾಯಿಸಿ ಕೊಳವೆಯನ್ನು ಒಳಗಿನಿಂದ ಕಾಯಿಸಿ, ಅಂಟಿಕೊಂಡ ಕಲ್ಮಶವನ್ನೆಲ್ಲ ಹೊರಗೆಳೆದು, ನಿರ್ವಾತ ಮಾಡಿ, ಚಿಟಿಕೆಯಷ್ಟು ಅನಿಲ ತುಂಬಿ ಬಾಯಿ ಮುಚ್ಚುತ್ತಾರೆ. ಹಾಗಾಗಿ ಆ ಊರಿನ ಒಂದೊಂದು ನಿಯಾನ್ ಅಕ್ಷರದ ಬಳುಕಿನ ಹಿಂದೆಯೂ ಯಾರೋ ಒಬ್ಬರ ಉಸಿರು ಹಾದುಹೋಗಿದೆ. ಇದನ್ನರಿತು ನೋಡಿದವನಿಗೆ ಬೋರ್ಡು ಬೇರೆಯೇ ಆಗಿ ಕಾಣುತ್ತದೆ. ಬೆರಗು ತಿಳಿವಳಿಕೆಯಿಂದ ಕರಗುತ್ತದೆ ಎಂಬ ಮಾತನ್ನು ನಾನು ಎಂದೂ ಒಪ್ಪಿಲ್ಲ. ನನ್ನ ಅನುಭವದಲ್ಲಿ ಅದು ತಿಳಿದಷ್ಟೂ ಹೆಚ್ಚಿದೆ.

ಝೆನಾನಿನ ಕಥೆ ಕೇಳಬೇಕಾದರೆ ಪಿರಮಿಡ್ಡಿನ ಬಳಿ ಹೋಗಬೇಕು. 1993ರಲ್ಲಿ ತೆರೆದ ಲಕ್ಸರ್ ಹೋಟೆಲಿನ ತುದಿಯಲ್ಲಿ 39 ಝೆನಾನ್ ದೀಪಗಳನ್ನಿಟ್ಟರು, ಒಂದೊಂದೂ 7,000 ವಾಟಿನದು. ಬಾಗಿದ ಕನ್ನಡಿಗಳು ಅವುಗಳ ಬೆಳಕನ್ನೆಲ್ಲ ಒಟ್ಟುಗೂಡಿಸಿ ನೇರ ಆಕಾಶಕ್ಕೆ ಒಂದೇ ಕಂಬವಾಗಿ ಕಳಿಸುತ್ತವೆ. ಅದಕ್ಕೆ ಹುಳುಗಳು ಮುತ್ತುತ್ತವೆ, ಹುಳುಗಳಿಗಾಗಿ ಬಾವಲಿಗಳು, ಅವೆರಡರ ಆಸೆಗೆ ಗೂಬೆಗಳು. ಮರುಭೂಮಿಯ ನೆತ್ತಿಯ ಮೇಲೆ ರಾತ್ರಿಯಲ್ಲಷ್ಟೇ ಇರುವ ಒಂದು ಕಾಡು ಹೀಗೆ ಬೆಳೆದುಕೊಂಡಿದೆ.

2019ರ ಬೇಸಿಗೆಯಲ್ಲಿ, ಮಳೆ ಹೆಚ್ಚಾದ ವರ್ಷವಾದ್ದರಿಂದ, ಮಿಡತೆಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು. ಅವು ಲಾಸ್ ವೇಗಾಸ್‌ನ ಬೆಳಕಿನತ್ತ ಎಷ್ಟು ದಟ್ಟವಾಗಿ ಹಾರಿಬಂದವೆಂದರೆ ಹವಾಮಾನದ ರೇಡಾರಿನಲ್ಲಿ ಮೋಡದಂತೆ ಕಂಡವು. ಜುಲೈ ಕೊನೆಯ ಒಂದೇ ರಾತ್ರಿ ಸುಮಾರು 4.6 ಕೋಟಿ ಮಿಡತೆಗಳು ಊರಿನ ಮೇಲಿದ್ದವೆಂದು ವಿಜ್ಞಾನಿಗಳು ಆ ರೇಡಾರಿನ ದಾಖಲೆಗಳಿಂದಲೇ ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದರು. ಮೇವಿಲ್ಲದ, ನೀರಿಲ್ಲದ ಕಾಂಕ್ರೀಟಿನ ಮೇಲೆ ಅವು ಬಂದು ಬಿದ್ದವು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಮಿಡತೆಗೆ ಬೆಳಕನ್ನು ನೋಡಿ ನಿಲ್ಲುವ ಶಕ್ತಿಯಿಲ್ಲ. ಅದು ಕಂಡದ್ದೇ ಹೋಗಿ ಸೇರಬೇಕು. ಈ ಊರಿನ ದೀಪಗಳ ಹೊಳಪು ನೂರಕ್ಕೂ ಹೆಚ್ಚು ಕಿಲೋಮೀಟರಾಚೆಯ ಡೆತ್ ವ್ಯಾಲಿಯ ರಾತ್ರಿಗೂ ತಾಗುತ್ತದೆ. ಅಮೆರಿಕದಲ್ಲಿ ನಕ್ಷತ್ರ ನೋಡಲು ಕತ್ತಲೆಯನ್ನು ಕಾಪಾಡಿಕೊಂಡಿರುವ ಹೆಸರಾಂತ ಜಾಗಗಳಲ್ಲಿ ಅದೂ ಒಂದು. ಒಂದು ಬೆರಗು ಇನ್ನೊಂದು ಬೆರಗನ್ನು, ಅದಕ್ಕಿಂತ ಎಷ್ಟೋ ಹಳೆಯದನ್ನು, ಅಂಚಿನಿಂದ ಅಳಿಸುತ್ತಿದೆ. ಇದಕ್ಕೆ ಸಮಾಧಾನ ಮಾಡಿಕೊಳ್ಳಲು ನನ್ನಿಂದಾಗುವುದಿಲ್ಲ.

ಬೆಲ್ಲಾಜಿಯೊ ಹೋಟೆಲಿನ ಕೆರೆಯ ದಂಡೆಯಲ್ಲಿ ಸಂಜೆಯ ಕಾರಂಜಿಗಾಗಿ ಕಾಯುತ್ತಿದ್ದಾಗ ಪಕ್ಕದಲ್ಲಿ ಕನ್ನಡ ಕೇಳಿಸಿತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿರುವ ಮಗನ ಜೊತೆ ಬಂದ ತಾಯಿ ಇರಬೇಕು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡಿದ್ದರು. "ಇಷ್ಟೊಂದು ನೀರು ಎಲ್ಲಿಂದ ತಂದ್ರಪ್ಪಾ ಈ ಮರಳುಗಾಡಿಗೆ?" ಎಂದರು. ಮಗ, "ಗೊತ್ತಿಲ್ಲಮ್ಮ, ನದೀದೇ ಇರ್ಬೇಕು" ಎಂದ. "ಯಾರನ್ನಾದ್ರೂ ಕೇಳು ಮತ್ತೆ" ಎಂದರು ಆಕೆ. ಅಷ್ಟರಲ್ಲಿ ಸಂಗೀತ ಶುರುವಾಯಿತು, ಮಾತು ಅಲ್ಲಿಗೇ ನಿಂತಿತು.

ಆ ತಾಯಿಯ ಪ್ರಶ್ನೆ ಬೆರಗಿನದೇ ಮಗ್ಗುಲು. ವರ್ಷಕ್ಕೆ ಸುಮಾರು ಹತ್ತು ಸೆಂಟಿಮೀಟರ್ ಮಳೆ ಬೀಳುವ ಊರದು. ಕುಡಿಯುವ ನೀರಿನ ಬಹುಪಾಲು ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಮೀಡ್ ಸರೋವರದಿಂದ ಬರುತ್ತದೆ. ಬೆಲ್ಲಾಜಿಯೊದ ಕೆರೆಯ ನೀರು ಮಾತ್ರ ಅಲ್ಲಿಯದಲ್ಲ. ಅದೇ ಜಾಗದಲ್ಲಿ ಮೊದಲಿದ್ದ 'ಡ್ಯೂನ್ಸ್' ಹೋಟೆಲಿನ ಗಾಲ್ಫ್ ಮೈದಾನದ ಹುಲ್ಲಿಗೆ ನೀರುಣಿಸಲು ಕೊರೆದಿದ್ದ ಬಾವಿಯಿಂದ ಬರುವ ನೆಲದಡಿಯ ನೀರು ಅದು. ಡ್ಯೂನ್ಸನ್ನು 1993ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. 1998ರಲ್ಲಿ ಬೆಲ್ಲಾಜಿಯೊ ತೆರೆಯಿತು. ಎಂಟೂವರೆ ಎಕರೆಯ ಕೆರೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ನಳಿಕೆಗಳು. ಕೆಲವು ಅತ್ತಿತ್ತ ತೊನೆಯುತ್ತವೆ. ಕೆಲವು ಒತ್ತಿ ತುಂಬಿದ ಗಾಳಿಯ ಬಲದಿಂದ ನೀರನ್ನು ನಾನೂರು ಅಡಿಗೂ ಮೇಲೆ ಎಸೆಯುತ್ತವೆ. ಎಸೆದ ನೀರು ತುದಿ ಮುಟ್ಟಿ ಇನ್ನು ಇಳಿಯಬೇಕು ಎನ್ನುವಾಗ ಒಂದು ಗಳಿಗೆ ಅಲ್ಲೇ ತಂಗಿದಂತೆ ಕಾಣುತ್ತದೆ. ದಂಡೆಯುದ್ದಕ್ಕೂ ಜನ ಆಗ ಉಸಿರು ಹಿಡಿಯುವುದು ಕಿವಿಗೆ ಕೇಳುತ್ತದೆ. ಈ ಆಟಕ್ಕೆ ಟಿಕೆಟ್ಟಿಲ್ಲ. ದಂಡೆ ರಸ್ತೆಗೇ ಅಂಟಿಕೊಂಡಿದೆ.

ಒಳಗೆ ಹೋದರೆ ಗಾಜಿನ ಮಾಡಿನ ಕೆಳಗೆ ಒಂದು ತೋಟವಿದೆ. ವರ್ಷದಲ್ಲಿ ಐದು ಸಲ, ಚೀನೀ ಹೊಸವರ್ಷ, ವಸಂತ, ಬೇಸಿಗೆ, ಎಲೆಯುದುರುವ ಕಾಲ, ಕ್ರಿಸ್‌ಮಸ್ ಎಂದು, ಅದನ್ನು ಬುಡಸಮೇತ ಬದಲಿಸುತ್ತಾರೆ. ಹೂವುಗಳಿಂದಲೇ ಪ್ರಾಣಿಗಳು, ಸೇತುವೆಗಳು, ಮನೆಗಳು. ಮರುಭೂಮಿಯಲ್ಲಿ ಇಲ್ಲದ ಋತುಗಳನ್ನು ಮಾಲಿಗಳು ರಾತ್ರಿ ಹಗಲು ದುಡಿದು ತಂದು ನಿಲ್ಲಿಸುತ್ತಾರೆ. ಜನ ಫೋಟೋ ತೆಗೆಯುತ್ತ ಹೋಗುತ್ತಾರೆ, ಮಣ್ಣು ಮೆತ್ತಿದ ಆ ಕೈಗಳು ಯಾರ ಚಿತ್ರದಲ್ಲೂ ಇರುವುದಿಲ್ಲ. ಸೀಸರ್ಸ್ ಪ್ಯಾಲೆಸ್ಸಿನ ಮುಂದಿನ ಸೈಪ್ರೆಸ್ ಮರಗಳ ಸಾಲು ನನಗೆ ಇದಕ್ಕಿಂತ ಹೆಚ್ಚು ಹಿಡಿಸಿತು. ಇಟಲಿಯ ದಾರಿಬದಿಯ ಮರಗಳವು, ನೆಟ್ಟಗೆ, ಕಡುಹಸಿರು, ಒಣಗಾಳಿಗೆ ಜಗ್ಗದವು. ಹುಲ್ಲಿನ ಕಾಲ ಮಾತ್ರ ಅಲ್ಲಿ ಮುಗಿಯುತ್ತಿದೆ. 2022ರಲ್ಲಿ ಮೀಡ್ ಸರೋವರ ಅಣೆಕಟ್ಟಿನ ಮೊದಲ ವರ್ಷಗಳ ನಂತರ ಕಾಣದಷ್ಟು ಕೆಳಗಿಳಿದಾಗ, ಸುತ್ತಲ ಬಂಡೆಗಳ ಮೇಲೆ ಹಳೆಯ ನೀರಿನ ಮಟ್ಟ ಬಿಳಿಯ ಪಟ್ಟಿಯಾಗಿ ಉಳಿದಿತ್ತು. ಅದಕ್ಕೂ ಒಂದು ವರ್ಷ ಮೊದಲೇ ನೆವಾಡಾ, ನೋಟಕ್ಕಷ್ಟೇ ಬೆಳೆಸಿದ ಹುಲ್ಲುಹಾಸಿಗೆ ಕೊಲೊರಾಡೊದ ನೀರು ಕೊಡುವುದನ್ನು 2026ರ ಕೊನೆಯೊಳಗೆ ನಿಲ್ಲಿಸಬೇಕೆಂದು ಕಾನೂನು ಮಾಡಿತ್ತು.

ಈಗ ಆ ನಿಲ್ಲುವಿಕೆಯ ಮಾತು. ಕಾರಂಜಿಯ ಮುಂದೆ ಜನ ನಿಂತಿದ್ದರು. ಸ್ವಾಗತದ ಬೋರ್ಡಿನ ಮುಂದೆ ಸಾಲುಗಟ್ಟಿ ನಿಂತಿದ್ದರು. ಬೆಲ್ಲಾಜಿಯೊದ ಮೊಗಸಾಲೆಯಲ್ಲಿ ಡೇಲ್ ಚಿಹೂಲಿ ಮಾಡಿದ ಎರಡು ಸಾವಿರ ಗಾಜಿನ ಹೂಗಳ ಛಾವಣಿಯ ಕೆಳಗೆ ಕತ್ತೆತ್ತಿ ನಿಂತಿದ್ದರು. ಅಲ್ಲಿಂದ ಕೆಲವೇ ಹೆಜ್ಜೆ ದಾಟಿ ಆಟದ ಅಂಕಣಕ್ಕೆ ಕಾಲಿಟ್ಟರೆ ಯಾರೂ ಏನನ್ನೂ ನೋಡುತ್ತಿಲ್ಲ. ಗುಂಡಿ ಒತ್ತುವುದು, ಚಿತ್ರಗಳು ಗಿರ್ರನೆ ತಿರುಗುವುದು, ಮತ್ತೆ ಒತ್ತುವುದು. ನಟಾಶಾ ಡೌ ಶೂಲ್ ಎಂಬ ಮಾನವಶಾಸ್ತ್ರಜ್ಞೆ ಈ ಯಂತ್ರಗಳಿಗೆ ಅಂಟಿದವರ ನಡುವೆ ವರ್ಷಗಟ್ಟಲೆ ಓಡಾಡಿ 2012ರಲ್ಲಿ ಪುಸ್ತಕ ಬರೆದರು. ಗೆಲ್ಲುವ ಆಸೆಗಿಂತ ಆಟ ನಿಲ್ಲದಿರಲಿ ಎಂಬ ಆಸೆಯೇ ಅವರಲ್ಲಿ ದೊಡ್ಡದೆಂದು ಆಕೆ ಕಂಡುಕೊಂಡರು. ವಿಸ್ಮಯ ಕಾಲನ್ನು ತಡೆಯುತ್ತದೆ, ಜೂಜು ಕೈಯನ್ನು ತಡೆಯಲು ಬಿಡುವುದಿಲ್ಲ. ಬಾಗಿಲ ಹೊರಗೆ ಕಟ್ಟಿದ್ದು ಒಳಗಿನದಕ್ಕೆ ಸೇವಕನೆಂದು ಕಟ್ಟಿದವರು ಎಣಿಸಿರಬಹುದು. ಎರಡೂ ಒಂದಕ್ಕೊಂದು ಎದುರಾದ ಸ್ವಭಾವದವು ಎಂದೇ ನನಗೆ ತೋರುತ್ತದೆ. ನಿಜವಾಗಿ ಬೆರಗಾದವನು ಆ ಹೊತ್ತಿನಲ್ಲಿ ಏನನ್ನೂ ಪಣಕ್ಕಿಡಲಾರ. ಅವನಿಗೆ ಬೇಕಾದ್ದು ಕಣ್ಣ ಮುಂದೆಯೇ ಇದೆ.

ಫೋರಮ್ ಶಾಪ್ಸ್ ಎಂಬ ಅಂಗಡಿ ಸಾಲಿನ ಛಾವಣಿಗೆ 1992ರಲ್ಲಿ ಬರೆದ ಆಕಾಶ ನನ್ನನ್ನು ಹಾಗೆ ತಡೆಯಲಿಲ್ಲ. ಅಲ್ಲಿ ದೀಪಗಳು ಬದಲಾಗುತ್ತ, ನೋಡನೋಡುತ್ತಲೇ ಬೆಳಗಾಗಿ ಬೈಗಾಗುತ್ತದೆ. ಕುಶಲ ಕೆಲಸವೇ. ಆದರೆ ಹೊತ್ತು ಕಳೆದದ್ದು ತಿಳಿಯದಿರಲೆಂದು ಮಾಡಿದ ಆಕಾಶದಲ್ಲಿ ನನಗೆ ಉಸಿರು ಕಟ್ಟಿದಂತಾಯಿತು. ಇಂದ್ರಜಾಲವೂ ವಿಸ್ಮಯ ಹುಟ್ಟಿಸುತ್ತದೆ ನಿಜ, ಅದು ಇಂದ್ರಜಾಲವೆಂದು ನೋಡುವವನಿಗೆ ಗೊತ್ತಿರುವವರೆಗೆ.

ಇಲ್ಲಿ ಯಾವುದೂ ಬಹುಕಾಲ ಉಳಿಯುವುದಿಲ್ಲ. 1989ರಿಂದ ರಸ್ತೆಬದಿಯಲ್ಲಿ ಸಂಜೆಯಾದರೆ ಬೆಂಕಿಯುಗುಳುತ್ತಿದ್ದ ಮಿರಾಜ್ ಹೋಟೆಲಿನ ಜ್ವಾಲಾಮುಖಿ 2024ರಲ್ಲಿ ಹೋಟೆಲಿನ ಜೊತೆಗೇ ಆರಿತು. ಆ ಜಾಗಕ್ಕೆ ಗಿಟಾರಿನ ಆಕಾರದ ಕಟ್ಟಡ ಬರಲಿದೆ. 1958ರ ಸ್ಟಾರ್‌ಡಸ್ಟ್ 2007ರಲ್ಲಿ ನೆಲಸಮವಾಯಿತು. 2023ರಲ್ಲಿ ತೆರೆದ 'ಸ್ಫಿಯರ್' ಎಂಬ ಮಹಾಗೋಳದ ಹೊರಮೈಯೆಲ್ಲ ಎಲ್‌ಇಡಿ. ಗಳಿಗೆಗೊಂದು ಚಿತ್ರ, ಗಳಿಗೆಗೊಂದು ಜಾಹೀರಾತು, ಒಂದು ಹೊತ್ತಿಗೆ ಚಂದ್ರ, ಇನ್ನೊಂದು ಹೊತ್ತಿಗೆ ಅಗಾಧವಾದ ಕಣ್ಣು.

ಸತ್ತ ಬೋರ್ಡುಗಳು ಹೋಗಿ ಸೇರುವ ತಾಣವೊಂದು ಊರಿನ ಉತ್ತರಕ್ಕಿದೆ, ನಿಯಾನ್ ಮ್ಯೂಸಿಯಂ. ಸಾರ್ವಜನಿಕರಿಗೆ ತೆರೆದದ್ದು 2012ರಲ್ಲಿ. ಅದರ ಬಾಗಿಲ ಮನೆಯಾಗಿ ನಿಂತಿರುವುದು 'ಲಾ ಕೊಂಚಾ' ಎಂಬ ಹಳೆಯ ಮೋಟೆಲಿನ ಶಂಖದಾಕಾರದ ಮೊಗಸಾಲೆ. ಕಪ್ಪು ಅಮೆರಿಕನ್ ವಾಸ್ತುಶಿಲ್ಪಿ ಪಾಲ್ ರೆವೀರ್ ವಿಲಿಯಮ್ಸ್ ರಚಿಸಿದ ಅದನ್ನು ಕೆಡವಲು ಬಿಡದೆ, ತುಂಡುಗಳಾಗಿ ಬಿಡಿಸಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಹಿಂದಿನ ಬಯಲಲ್ಲಿ ಸ್ಟಾರ್‌ಡಸ್ಟಿನ ದೈತ್ಯ ಅಕ್ಷರಗಳು, ಬೆಟ್ಟಿ ವಿಲ್ಲಿಸ್ ಬರೆದ ಮೂಲಾಂ ರೂಜ್‌ನ ಬಳುಕು ಅಕ್ಷರಗಳು, ಹೆಸರೇ ಮರೆತುಹೋದ ಮೋಟೆಲುಗಳ ಬಾಣಗಳು, ನಕ್ಷತ್ರಗಳು. ಇವು ಕರೆಯುತ್ತಿದ್ದ ಮನೆಗಳು ಈಗ ಇಲ್ಲ. ಬನ್ನಿ ಎಂದು ಹೇಳಿ ಕರೆದೊಯ್ಯಲು ಮೇಜಿಲ್ಲ, ಯಂತ್ರವಿಲ್ಲ. ಆದರೂ ಜನ ಟಿಕೆಟ್ ಕೊಂಡು ಬಂದು, ತುಕ್ಕು ಹಿಡಿದ ತಗಡುಗಳ ನಡುವೆ ನಿಂತು, ತಲೆಯೆತ್ತಿ ನೋಡುತ್ತಾರೆ. ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ಅಲ್ಲಿಯ ಕೆಲವು ಬೋರ್ಡುಗಳಿಗೆ ಮತ್ತೆ ಜೀವ ಬಂದಿದೆ. ಒಡೆದ ಕೊಳವೆಗಳನ್ನು ತೆಗೆದು, ಅದೇ ಅಳತೆಗೆ ಹೊಸ ಗಾಜು ಬಾಗಿಸಿ, ಅನಿಲ ತುಂಬಿ ಬೆಳಗಿಸಿದ್ದಾರೆ. ಅದನ್ನು ಬಲ್ಲವರು ಈಗ ಕಡಿಮೆ. ಎಲ್‌ಇಡಿ ಅಗ್ಗ, ಸುಲಭ. ಬೆಂಕಿಯ ಮೇಲೆ ಕೈಯಿಟ್ಟು, ಬಾಯಲ್ಲಿ ನಳಿಕೆ ಹಿಡಿದು, ತಿರುಗುಮುರುಗು ಅಕ್ಷರ ಬರೆಯುವುದನ್ನು ಕಲಿಯಲು ಹರೆಯದ ಮಕ್ಕಳು ಬರುತ್ತಾರೆಯೇ ಎಂಬುದೇ ಈಗ ನನ್ನ ಚಿಂತೆ. ಅಂಥವರು ಬರಬೇಕು ಎಂದು ಮನಸಾರೆ ಬಯಸುತ್ತೇನೆ.